ಯೆಹೂದದ ಅರಸರನ್ನು ಮಕ್ಕಳಿಗೆ ಕಲಿಸುವಾಗ ‘ಒಳ್ಳೆಯವರು’, ‘ಕೆಟ್ಟವರು’ ಎಂಬ ಎರಡು ಪಟ್ಟಿ ಸಾಕೇ?

ಸಂಡೇ ಸ್ಕೂಲ್ ಶಿಕ್ಷಕಿ, ಮೈಸೂರು

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಒಂಬತ್ತರಿಂದ ಹನ್ನೆರಡು ವರ್ಷದ ಹನ್ನೊಂದು ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಈ ವರ್ಷ ಸತ್ಯವೇದದ ಅರಸುಗಳು ಮತ್ತು ಪೂರ್ವಕಾಲವೃತ್ತಾಂತ ಪುಸ್ತಕಗಳಿಂದ, ಯೆರೂಸಲೇಮಿನಿಂದ ಆಳಿದ ಯೆಹೂದದ ಅರಸರ ಚರಿತ್ರೆಯನ್ನು ತೆಗೆದುಕೊಂಡಿದ್ದೇವೆ. ಹಿಂದಿನ ಶಿಕ್ಷಕರು ಬಿಟ್ಟುಹೋದ ದೊಡ್ಡದೊಂದು ರಟ್ಟಿನ ಫಲಕ ನಮ್ಮಲ್ಲಿದೆ. ಅದರ ಎಡಭಾಗ ಹಸಿರು, ಬಲಭಾಗ ಕೆಂಪು. ಪ್ರತಿ ಭಾನುವಾರ ಒಬ್ಬ ಅರಸನ ಕಥೆ ಮುಗಿದ ಮೇಲೆ ಮಕ್ಕಳು ಅವನ ಹೆಸರಿನ ಚೀಟಿಯನ್ನು ಹಸಿರಿನಲ್ಲಿ ಅಥವಾ ಕೆಂಪಿನಲ್ಲಿ ಅಂಟಿಸುತ್ತಾರೆ. ಮಕ್ಕಳಿಗೆ ಇದು ಇಷ್ಟ, ನೆನಪಿನಲ್ಲಿ ಉಳಿಯುವುದಕ್ಕೂ ಅನುಕೂಲ.

ಕಳೆದ ತಿಂಗಳು ಯೋವಾಷನ ಪಾಠ ಇತ್ತು. ಅಜ್ಜಿ ಅತಲ್ಯಳು ರಾಜವಂಶವನ್ನೇ ಕೊಲ್ಲಿಸುತ್ತಿರುವಾಗ ಯೆಹೋಷೆಬಳು ಕೂಸಾಗಿದ್ದ ಅವನನ್ನು ಎತ್ತಿಕೊಂಡು ಹೋಗಿ ಬಚ್ಚಿಟ್ಟದ್ದು, ಆರು ವರ್ಷ ದೇವಾಲಯದಲ್ಲಿ ಅವನನ್ನು ಗುಟ್ಟಾಗಿ ಸಾಕಿದ್ದು, ಯಾಜಕನಾದ ಯೆಹೋಯಾದನು ಏಳು ವರ್ಷದ ಹುಡುಗನ ತಲೆಗೆ ಕಿರೀಟವಿಟ್ಟದ್ದು, ಮುಂದೆ ಅವನು ಪೆಟ್ಟಿಗೆಯ ಮುಚ್ಚಳದಲ್ಲಿ ತೂತು ಮಾಡಿಸಿ ಕಾಣಿಕೆ ಕೂಡಿಸಿ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ್ದು, ಇಷ್ಟನ್ನೂ ಹೇಳಿ ಪಾಠ ಮುಗಿಸಿದೆ. ಹತ್ತು ವರ್ಷದ ಒಬ್ಬ ಹುಡುಗಿ ಬಹಳ ಸಂತೋಷದಿಂದ ಚೀಟಿಯನ್ನು ಹಸಿರಿನಲ್ಲಿ ಅಂಟಿಸಿದಳು.

ಮರುವಾರ ಅವಳು ಬಂದವಳೇ ಯಾರೊಡನೆಯೂ ಮಾತನಾಡದೆ ಫಲಕದಿಂದ ಆ ಚೀಟಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಮನೆಯಲ್ಲಿ ತಾನೇ 2 ಪೂರ್ವಕಾಲವೃತ್ತಾಂತದ 24ನೆಯ ಅಧ್ಯಾಯವನ್ನು ಕೊನೆಯವರೆಗೂ ಓದಿದ್ದಳು. ಯೆಹೋಯಾದನು ತೀರಿಕೊಂಡ ಮೇಲೆ ಯೋವಾಷನು ಪ್ರಧಾನರ ಮಾತು ಕೇಳಿ ದಾರಿ ಬಿಟ್ಟನೆಂದೂ, ಅದನ್ನು ಖಂಡಿಸಿದ ಜೆಕರ್ಯನನ್ನು ದೇವಾಲಯದ ಪ್ರಾಕಾರದಲ್ಲಿಯೇ ಕಲ್ಲೆಸೆದು ಕೊಲ್ಲಿಸಿದನೆಂದೂ ಅಲ್ಲಿದೆ. ಜೆಕರ್ಯನು ಬೇರೆ ಯಾರೂ ಅಲ್ಲ, ಯೋವಾಷನನ್ನು ಉಳಿಸಿ ಬೆಳೆಸಿದ ಅದೇ ಯೆಹೋಯಾದನ ಮಗ. “ಟೀಚರ್, ನೀವು ಯಾಕೆ ಅರ್ಧ ಕಥೆ ಹೇಳಿದಿರಿ?” ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಚೀಟಿಯನ್ನು ಕೆಂಪಿಗೆ ಹಾಕೋಣವೇ ಎಂದರೆ ಅದಕ್ಕೂ ಅವಳು ಒಪ್ಪಲಿಲ್ಲ.

ಅವಳ ಪ್ರಶ್ನೆ ನ್ಯಾಯವಾದದ್ದು. ಈ ಎರಡು ಬಣ್ಣದ ಪದ್ಧತಿಯನ್ನು ಬಿಡಬೇಕೇ? ಬಿಟ್ಟರೆ ಅದರ ಜಾಗದಲ್ಲಿ ಏನನ್ನು ತರಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ನಿವೃತ್ತ ಉಪದೇಶಿ, ಉಡುಪಿ ಜಿಲ್ಲೆ

ತಂಗಿ, ಆ ಹುಡುಗಿಯನ್ನು ದೇವರು ಆಶೀರ್ವದಿಸಲಿ. ಮೂವತ್ತು ವರ್ಷ ಈ ಪಾಠ ಹೇಳಿದವನು ನಾನು. ಮೊದಲ ಹತ್ತು ವರ್ಷ ನಾನೂ ಅರ್ಧ ಕಥೆಯನ್ನೇ ಹೇಳಿದೆ.

ರೆಹಬ್ಬಾಮನಿಂದ ಚಿದ್ಕೀಯನವರೆಗೆ ಯೆಹೂದದಲ್ಲಿ ಆಳಿದವರು ಹತ್ತೊಂಬತ್ತು ಅರಸರು. ನಡುವೆ ಆರು ವರ್ಷ ಸಿಂಹಾಸನವನ್ನು ಕಿತ್ತುಕೊಂಡ ಅತಲ್ಯಳನ್ನು ಸೇರಿಸಿದರೆ ಇಪ್ಪತ್ತು ಮಂದಿ. ಇವರಲ್ಲಿ ಎಂಟು ಮಂದಿಯನ್ನು ಮಾತ್ರ ಯೆಹೋವನ ದೃಷ್ಟಿಯಲ್ಲಿ ಒಳ್ಳೆಯದನ್ನು ಮಾಡಿದವರೆಂದು ಅರಸುಗಳ ಪುಸ್ತಕ ಹೇಳುತ್ತದೆ: ಆಸ, ಯೆಹೋಷಾಫಾಟ, ಯೋವಾಷ, ಅಮಚ್ಯ, ಉಜ್ಜೀಯ, ಯೋತಾಮ, ಹಿಜ್ಕೀಯ, ಯೋಷೀಯ. ಆದರೆ ಈ ಎಂಟರಲ್ಲಿ ಮೊದಲ ಆರು ಮಂದಿಯ ಹೆಸರಿನ ಬೆನ್ನಿಗೇ ಒಂದು ‘ಆದರೂ’ ಬರುತ್ತದೆ. ದೇವಾಲಯವನ್ನು ಬಿಟ್ಟು ಜನರು ಬಲಿ ಅರ್ಪಿಸುತ್ತಿದ್ದ ಪೂಜಾಸ್ಥಳಗಳು ಅವರ ಕಾಲದಲ್ಲಿ ಹಾಗೆಯೇ ಉಳಿದವು. ಆ ‘ಆದರೂ’ ಇಲ್ಲದವರು ಹಿಜ್ಕೀಯ ಮತ್ತು ಯೋಷೀಯ ಇಬ್ಬರೇ. ಅಂದಮೇಲೆ ಒಳ್ಳೆಯವರನ್ನೆಲ್ಲ ಒಂದೇ ಹಸಿರು ಬಣ್ಣದಲ್ಲಿ ತೋರಿಸುವುದು ನಮ್ಮ ಅನುಕೂಲಕ್ಕೆ ನಾವು ಮಾಡಿಕೊಂಡದ್ದು, ಗ್ರಂಥ ಮಾಡಿದ್ದಲ್ಲ.

ನಾನು ಕೊನೆಗೆ ಹಿಡಿದ ದಾರಿ ಇದು. ಪ್ರತಿ ಅರಸನ ಬಗ್ಗೆಯೂ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ತಪ್ಪನ್ನು ಎತ್ತಿ ತೋರಿಸಿದವರಿಗೆ ಈ ಅರಸನು ಏನು ಮಾಡಿದನು?’ ಈ ಪ್ರಶ್ನೆ ಇಟ್ಟುಕೊಂಡರೆ ಇಡೀ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಆಸನು ವಿಗ್ರಹಗಳನ್ನು ತೆಗೆದುಹಾಕಿದ, ಅಜ್ಜಿ ಮಾಕಳನ್ನೂ ಪಟ್ಟದಿಂದಿಳಿಸಿದ. ಆದರೆ ಇಳಿವಯಸ್ಸಿನಲ್ಲಿ ದೇವಾಲಯದ ಬೆಳ್ಳಿಬಂಗಾರವನ್ನು ಅರಾಮ್ಯರ ಅರಸನಿಗೆ ಕಳುಹಿಸಿ ಸಹಾಯ ಕೊಂಡಾಗ ಹನಾನಿ ಎಂಬ ದರ್ಶಿಯು ಬಂದು ಖಂಡಿಸಿದ, ಆಸನು ಸಿಟ್ಟಿಗೆದ್ದು ಅವನನ್ನು ಸೆರೆಗೆ ಹಾಕಿಸಿದ. ಅವನ ಮಗ ಯೆಹೋಷಾಫಾಟನು ಇಸ್ರಾಯೇಲಿನ ದುಷ್ಟ ಅರಸ ಅಹಾಬನ ಜೊತೆ ಯುದ್ಧಕ್ಕೆ ಹೋಗಿ ತಪ್ಪು ಮಾಡಿ ಹಿಂದಿರುಗಿದಾಗ ಎದುರಿಗೆ ಬಂದು ನಿಂತವನು ಯಾರು? ಅದೇ ಹನಾನಿಯ ಮಗ ಯೇಹು. ತನ್ನ ತಂದೆಯನ್ನು ಸೆರೆಗೆ ಹಾಕಿದ ಅರಮನೆಗೆ ಮಗ ಬಂದು ಅರಸನ ಮುಖಕ್ಕೆ ಖಂಡನೆಯ ಮಾತು ಹೇಳುತ್ತಾನೆ. ಯೆಹೋಷಾಫಾಟನು ಅವನ ಮೇಲೆ ಕೈ ಮಾಡಲಿಲ್ಲ. ಅದರ ಮುಂದಿನ ವಾಕ್ಯಗಳಲ್ಲೇ ಅವನು ಬೇರ್ಷೆಬದಿಂದ ಎಫ್ರಾಯೀಮಿನ ಬೆಟ್ಟದ ಸೀಮೆಯವರೆಗೆ ಜನರ ನಡುವೆ ಸಂಚರಿಸಿ, ಊರೂರಿಗೂ ನ್ಯಾಯಾಧಿಪತಿಗಳನ್ನು ನೇಮಿಸಿ, ಲಂಚಕ್ಕೂ ಪಕ್ಷಪಾತಕ್ಕೂ ಎಡೆಗೊಡಬಾರದೆಂದು ಎಚ್ಚರಿಸಿದನೆಂದು ಓದುತ್ತೇವೆ.

ಇಬ್ಬರು ತಂದೆಯರು, ಇಬ್ಬರು ಮಕ್ಕಳು. ಇದನ್ನು ನಾಲ್ಕು ಮಕ್ಕಳನ್ನು ನಿಲ್ಲಿಸಿ ಆಡಿಸಿ ನೋಡಿ, ಆಮೇಲೆ ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ಯೋವಾಷನ ಕಥೆಯಲ್ಲಿ ಸಮಾಧಿಗಳನ್ನೂ ಗಮನಿಸಿ. ಯೆಹೋಯಾದನು ನೂರ ಮೂವತ್ತು ವರ್ಷ ಬಾಳಿ ತೀರಿಕೊಂಡಾಗ ಯಾಜಕನಾಗಿದ್ದ ಅವನನ್ನು ಅರಸರ ಜೊತೆಯಲ್ಲಿ ಸಮಾಧಿ ಮಾಡಿದರು. ಯೋವಾಷನು ತನ್ನ ಸೇವಕರ ಕೈಯಿಂದಲೇ ಹಾಸಿಗೆಯ ಮೇಲೆ ಹತನಾದಾಗ ಅರಸನಾಗಿದ್ದ ಅವನನ್ನು ಅರಸರ ಸಮಾಧಿಗಳಲ್ಲಿ ಇಡಲಿಲ್ಲ. ಪೂರ್ವಕಾಲವೃತ್ತಾಂತವನ್ನು ಬರೆದವನು ಇದನ್ನು ಒಂದೇ ಅಧ್ಯಾಯದಲ್ಲಿ ಹತ್ತಿರ ಹತ್ತಿರ ಇಟ್ಟಿದ್ದಾನೆ.

ಸಭಾಹಿರಿಯ, ಹುಬ್ಬಳ್ಳಿ

ಉಪದೇಶಿಗಳ ಮೇಲೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪ. ಸತ್ಯವೇದವು ಪ್ರತಿಯೊಬ್ಬ ಅರಸನ ಬಗ್ಗೆಯೂ ತೀರ್ಪನ್ನು ಕೊಟ್ಟೇ ಕೊಡುತ್ತದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಎಲ್ಲರಲ್ಲಿಯೂ ಒಳ್ಳೆಯದು ಕೆಟ್ಟದ್ದು ಎರಡೂ ಇದೆ ಎನ್ನುತ್ತಾ ಹೋದರೆ, ಮಗನನ್ನು ಬೆಂಕಿಗೆ ಕೊಟ್ಟ ಆಹಾಜನೂ, ಪಟ್ಟಕ್ಕೆ ಬಂದೊಡನೆ ತನ್ನ ತಮ್ಮಂದಿರನ್ನೆಲ್ಲಾ ಕೊಂದ ಯೆಹೋರಾಮನೂ ಮಕ್ಕಳ ಕಣ್ಣಿಗೆ ಸಾಧಾರಣ ತಪ್ಪು ಮಾಡಿದವರಂತೆ ಕಂಡಾರು. ಯೆಹೋರಾಮನು ಸತ್ತಾಗ ಯಾರೂ ಮರುಗಲಿಲ್ಲವೆಂದು ಗ್ರಂಥ ಬರೆದಿಟ್ಟಿದೆ. ಒಬ್ಬ ಮನುಷ್ಯನ ಬಗ್ಗೆ ಇದಕ್ಕಿಂತ ಕಠಿಣವಾದ ಮಾತನ್ನು ನಾನು ಓದಿಲ್ಲ. ಮಕ್ಕಳಿಗೆ ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವ ಧೈರ್ಯ ಶಿಕ್ಷಕರಿಗೆ ಇರಲೇಬೇಕು.

ನಿವೃತ್ತ ಉಪದೇಶಿ, ಉಡುಪಿ ಜಿಲ್ಲೆ

ಒಪ್ಪುತ್ತೇನೆ. ತೀರ್ಪನ್ನು ತೆಗೆದುಹಾಕಬೇಕೆಂದು ನಾನು ಹೇಳಲಿಲ್ಲ, ತೀರ್ಪಿಗೆ ಮೊದಲು ಪೂರ್ತಿ ಕಥೆ ಕೇಳಿಸಬೇಕೆಂದೆ. ಆಹಾಜನಿಗೆ ನನ್ನ ಪ್ರಶ್ನೆಯನ್ನು ಹಾಕಿದರೂ ಉತ್ತರ ಕೆಟ್ಟದ್ದೇ. ಪ್ರವಾದಿ ಯೆಶಾಯನು ಅವನ ಬಳಿಗೆ ಹೋಗಿ ‘ಒಂದು ಗುರುತನ್ನು ಕೇಳಿಕೋ’ ಎಂದಾಗಲೂ ಅವನು ಭಕ್ತಿಯ ಮಾತಾಡಿ ನುಣುಚಿಕೊಂಡ.

ಇಬ್ಬರು ಮಕ್ಕಳ ತಾಯಿ, ಬೆಂಗಳೂರು

ನಾನು ಶಿಕ್ಷಕಿಯಲ್ಲ, ಆದರೆ ಈ ಪಾಠಗಳನ್ನು ಕೇಳಿಕೊಂಡು ಮನೆಗೆ ಬರುವ ಮಕ್ಕಳ ತಾಯಿ. ನನ್ನ ಚಿಕ್ಕವನಿಗೆ ಆರು ವರ್ಷ. ಕಳೆದ ವರ್ಷ ಒಂದು ರಜಾ ಬೈಬಲ್ ಶಾಲೆಯಲ್ಲಿ ಚಿದ್ಕೀಯನ ಅಂತ್ಯವನ್ನು ಎಲ್ಲ ವಯಸ್ಸಿನ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ವಿವರವಾಗಿ ಹೇಳಿದ್ದರು. ಬಾಬೆಲಿನವರು ಅವನ ಕಣ್ಣೆದುರಿಗೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣುಗಳನ್ನು ಕಿತ್ತು, ಸರಪಣಿ ಹಾಕಿ ಕರೆದುಕೊಂಡು ಹೋದರು ಎಂಬುದನ್ನು ಕೇಳಿ ಬಂದ ನನ್ನ ಮಗ ಹಲವು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಹೇಳಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ನನಗೆ ಗೊತ್ತು.

ಪೂರ್ತಿ ಕಥೆ ಹೇಳಬೇಕೆಂಬುದನ್ನು ಒಪ್ಪುತ್ತೇನೆ, ಆದರೆ ಯಾವ ವಯಸ್ಸಿಗೆ ಎಷ್ಟು ಎಂಬುದೂ ಮುಖ್ಯ. ಆರು ವರ್ಷದವನಿಗೆ ಬಚ್ಚಿಟ್ಟ ರಾಜಕುಮಾರ, ತೂತಿನ ಪೆಟ್ಟಿಗೆ, ಹಿಜ್ಕೀಯನು ಶತ್ರುವಿನ ಪತ್ರವನ್ನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಹರಡಿಟ್ಟು ಪ್ರಾರ್ಥಿಸಿದ್ದು, ಎಂಟು ವರ್ಷದ ಯೋಷೀಯನು ಅರಸನಾದದ್ದು, ಇವು ಸಾಕು. ಬೆನ್‌ಹಿನ್ನೋಮ್ ತಗ್ಗಿನಲ್ಲಿ ಮಕ್ಕಳನ್ನು ಬಲಿಕೊಡುತ್ತಿದ್ದ ಬೆಂಕಿಯನ್ನೂ ಚಿದ್ಕೀಯನ ಕಣ್ಣುಗಳನ್ನೂ ಹನ್ನೊಂದು ಹನ್ನೆರಡರ ಮೇಲೆ ಇಟ್ಟುಕೊಳ್ಳಬಹುದು. ಮುಚ್ಚಿಡುವುದು ಬೇರೆ, ಕಾಯುವುದು ಬೇರೆ. ಚಿಕ್ಕವರಿಗೆ “ಈ ಕಥೆ ಇನ್ನೂ ಇದೆ, ನೀನು ದೊಡ್ಡವನಾದ ಮೇಲೆ ಓದೋಣ” ಎಂದು ಹೇಳಿದರೆ ಅದು ಅರ್ಧ ಕಥೆ ಹೇಳಿದ ಹಾಗಲ್ಲ ಎಂದು ನನ್ನ ಅನಿಸಿಕೆ. ಮೈಸೂರಿನ ಆ ಹುಡುಗಿಗೆ ಬೇಸರವಾದದ್ದು ಕಥೆ ಮುಗಿಯಿತೆಂದು ಅವಳಿಗೆ ಹೇಳಿದ್ದರಿಂದಲೇ ಇರಬಹುದು.

ಇತಿಹಾಸ ಅಧ್ಯಾಪಕ, ಧಾರವಾಡ

ಮಕ್ಕಳಿಗೆ ಇವರು ಕಟ್ಟುಕಥೆಯ ರಾಜರಲ್ಲ, ನಿಜವಾಗಿ ಆಳಿದವರು ಎಂದು ತಿಳಿಸುವುದಕ್ಕೆ ಇರುವ ಸಾಧನಗಳನ್ನು ನಾವು ಬಳಸುವುದು ಕಡಿಮೆ. ಹಿಜ್ಕೀಯನೊಬ್ಬನನ್ನೇ ತೆಗೆದುಕೊಳ್ಳಿ. ಗೀಹೋನ್ ಬುಗ್ಗೆಯ ನೀರನ್ನು ಪಟ್ಟಣದೊಳಕ್ಕೆ ತಂದನೆಂದು ಗ್ರಂಥ ಹೇಳುತ್ತದಲ್ಲವೇ, ಬಂಡೆಯೊಳಗೆ ಕೊರೆದ ಸುಮಾರು 533 ಮೀಟರ್ ಉದ್ದದ ಆ ಸುರಂಗದಲ್ಲಿ ಇಂದಿಗೂ ಮೊಣಕಾಲುದ್ದದ ನೀರಿನಲ್ಲಿ ಜನ ನಡೆದುಹೋಗುತ್ತಾರೆ. 1880ರಲ್ಲಿ ಅದರ ಗೋಡೆಯ ಮೇಲೆ ಆರು ಸಾಲುಗಳ ಹೀಬ್ರೂ ಶಾಸನ ಸಿಕ್ಕಿತು. ಎರಡು ತುದಿಗಳಿಂದ ಅಗೆಯುತ್ತಾ ಬಂದ ಕೆಲಸಗಾರರಿಗೆ ನಡುವೆ ಮೂರು ಮೊಳ ಬಂಡೆ ಉಳಿದಿರುವಾಗ ಆ ಬದಿಯವರು ಕೂಗುವ ಧ್ವನಿ ಕೇಳಿಸಿತೆಂದು ಅದು ಹೇಳುತ್ತದೆ. ಶಾಸನ ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಸ್ವಾರಸ್ಯವೆಂದರೆ ಅದರಲ್ಲಿ ಅರಸನ ಹೆಸರೇ ಇಲ್ಲ, ಗುದ್ದಲಿ ಹಿಡಿದವರ ಸಂಭ್ರಮ ಮಾತ್ರ ಇದೆ. ಒಂದು ಬೆಂಚಿನ ಎರಡು ಬದಿಯಲ್ಲಿ ಮಕ್ಕಳನ್ನು ಕೂರಿಸಿ, ಕಣ್ಣು ಕಟ್ಟಿ, ಧ್ವನಿಯನ್ನು ಮಾತ್ರ ಕೇಳಿಕೊಂಡು ಕೈ ಮುಟ್ಟಿಸಲು ಹೇಳಿದರೆ ಆ ಕ್ಷಣ ಅವರಿಗೆ ತಿಳಿಯುತ್ತದೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬನು ದಂಡೆತ್ತಿ ಬಂದದ್ದಕ್ಕೆ ಅವನದೇ ಶಾಸನವಿದೆ. ಯೆಹೂದದ ಕೋಟೆಯುಳ್ಳ 46 ಪಟ್ಟಣಗಳನ್ನು ಹಿಡಿದೆನೆಂದೂ, ಹಿಜ್ಕೀಯನನ್ನು ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯಂತೆ ಕೂಡಿಹಾಕಿದೆನೆಂದೂ ಅವನು ಬರೆಸಿದ್ದಾನೆ. ಯೆರೂಸಲೇಮನ್ನು ಹಿಡಿದೆನೆಂದು ಮಾತ್ರ ಬರೆಸಿಲ್ಲ. ಅವನು ಯೆಹೂದದ ಲಾಕೀಷ್ ಪಟ್ಟಣವನ್ನು ಮುತ್ತಿದ ಉಬ್ಬುಚಿತ್ರಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಲ್ಲಿ ಎತ್ತಿನ ಗಾಡಿಯ ಮೇಲೆ ಗಂಟುಮೂಟೆ ಹೇರಿಕೊಂಡು ಸೆರೆಹೋಗುವ ಕುಟುಂಬಗಳಿವೆ. ಅರಸರು ಮಾಡಿದ ತೀರ್ಮಾನಗಳ ಬೆಲೆಯನ್ನು ತೆತ್ತವರು ಯಾರೆಂದು ಮಕ್ಕಳು ಆ ಚಿತ್ರದಲ್ಲಿ ನೋಡಬಹುದು.

ಮನಸ್ಸೆಯ ವಿಷಯದಲ್ಲಿ ಒಂದು ಮಾತು. ಅತಿ ದೀರ್ಘವಾಗಿ, ಅಂದರೆ 55 ವರ್ಷ ಆಳಿದವನು ಅವನೇ. ಅರಸುಗಳ ಪುಸ್ತಕ ಅವನನ್ನು ಕ್ಷಮಿಸುವುದೇ ಇಲ್ಲ, ಯೆರೂಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದನೆಂದೂ ರಾಜ್ಯ ಹಾಳಾಗಲು ಅವನೇ ಕಾರಣನೆಂದೂ ಹೇಳುತ್ತದೆ. ಪೂರ್ವಕಾಲವೃತ್ತಾಂತವು ಅವನು ಬಾಬೆಲಿನ ಸೆರೆಯಲ್ಲಿ ತನ್ನನ್ನು ಬಹಳವಾಗಿ ತಗ್ಗಿಸಿಕೊಂಡು ಬೇಡಿಕೊಂಡನೆಂದೂ, ದೇವರು ಕೇಳಿದನೆಂದೂ, ಹಿಂದಿರುಗಿ ಬಂದು ತಾನೇ ಇಟ್ಟಿದ್ದ ವಿಗ್ರಹವನ್ನು ದೇವಾಲಯದಿಂದ ತೆಗೆಸಿದನೆಂದೂ ಹೇಳುತ್ತದೆ. ಇಬ್ಬರು ಬರಹಗಾರರು ಒಬ್ಬನೇ ಅರಸನನ್ನು ಬೇರೆ ಬೇರೆ ಕಡೆಯಿಂದ ನೋಡಿದ್ದಾರೆ. ಎರಡನ್ನೂ ಮಕ್ಕಳ ಮುಂದೆ ಇಡಿ. ಯಾವುದನ್ನೂ ಇನ್ನೊಂದರೊಳಗೆ ಕರಗಿಸಬೇಡಿ. ಮನಸ್ಸೆಯ ಮಗ ಆಮೋನನು ಎರಡೇ ವರ್ಷ ಆಳಿ ಹತನಾದಾಗ ಯೋಷೀಯನಿಗೆ ಎಂಟು ವರ್ಷ. ಹಾಗಾದರೆ ಅಜ್ಜ ಮನಸ್ಸೆ ತೀರಿಕೊಂಡಾಗ ಅವನಿಗೆ ಆರು. ಆ ಮುದುಕನ ಕೊನೆಯ ದಿನಗಳನ್ನು ಆ ಮಗು ನೋಡಿರಬಹುದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಗ್ರಂಥ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಇದನ್ನು ಪಾಠದಲ್ಲಿ ಹೇಳಬೇಡಿ, ಆದರೆ ಲೆಕ್ಕವನ್ನು ಮಕ್ಕಳೇ ಮಾಡಲಿ.

ಇಬ್ಬರು ಹೆಣ್ಣುಮಕ್ಕಳ ತಂದೆ, ದುಬೈ

ಪರದೇಶದಲ್ಲಿ ಕನ್ನಡ ಸತ್ಯವೇದದಿಂದ ಮಕ್ಕಳಿಗೆ ಓದಿಸುವ ನಮಗೆ ಇನ್ನೊಂದು ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಇಂಗ್ಲಿಷ್ ಉಚ್ಚಾರಣೆಯಲ್ಲಿ ಹೆಜಕಾಯ, ಜೆಡಕಾಯ, ಅಜಾಯ ಎಂದು ಕೇಳಿದವರಿಗೆ ಮನೆಯಲ್ಲಿ ಹಿಜ್ಕೀಯ, ಚಿದ್ಕೀಯ, ಉಜ್ಜೀಯ ಎಂದರೆ ಬೇರೆ ಯಾರೋ ಅನ್ನಿಸುತ್ತದೆ. ಅದರ ಮೇಲೆ ಉಜ್ಜೀಯನಿಗೇ ಅಜರ್ಯ ಎಂಬ ಇನ್ನೊಂದು ಹೆಸರು. ಯೆಹೋಯಾಕೀಮ ಮತ್ತು ಯೆಹೋಯಾಖೀನ ತಂದೆ ಮಗ, ಹೆಸರುಗಳ ನಡುವೆ ಇರುವ ವ್ಯತ್ಯಾಸ ಒಂದೆರಡು ಅಕ್ಷರ. ಹಿಜ್ಕೀಯನು ಅರಸ, ಹಿಲ್ಕೀಯನು ಯಾಜಕ.

ನಾನು ಮಾಡಿದ್ದು ಇಷ್ಟೇ: ಪ್ರತಿ ಅರಸನಿಗೂ ಅವನ ತಾಯಿಯ ಹೆಸರನ್ನೂ ಒಂದು ವಸ್ತುವನ್ನೂ ಜೋಡಿಸಿದೆ. ಯೆಹೂದದ ಅರಸರ ಚರಿತ್ರೆಯಲ್ಲಿ ಯೆಹೋರಾಮ, ಆಹಾಜ ಇಬ್ಬರನ್ನು ಬಿಟ್ಟರೆ ಉಳಿದ ಎಲ್ಲರ ತಾಯಂದಿರ ಹೆಸರೂ ದಾಖಲಾಗಿದೆ ಎಂಬುದನ್ನು ನನ್ನ ದೊಡ್ಡ ಮಗಳೇ ಕಂಡುಹಿಡಿದು ತೋರಿಸಿದಳು. ಮನಸ್ಸೆಯ ತಾಯಿ ಹೆಫ್ಚೀಬ, ಯೋಷೀಯನ ತಾಯಿ ಯೆದೀದ. ಉಜ್ಜೀಯನಿಗೆ ಧೂಪಾರತಿ, ಏಕೆಂದರೆ ತೋಟಗಾರಿಕೆಯನ್ನು ಪ್ರೀತಿಸಿ, ಬಾವಿಗಳನ್ನು ತೋಡಿಸಿ, 52 ವರ್ಷ ಆಳಿದ ಆ ಸಮರ್ಥ ಅರಸನು ಬಲಗೊಂಡ ಮೇಲೆ ಗರ್ವದಿಂದ ಧೂಪಹಾಕಲು ದೇವಾಲಯದೊಳಕ್ಕೆ ನುಗ್ಗಿದ. ಎಂಬತ್ತು ಯಾಜಕರು ತಡೆದಾಗ ಕೋಪಗೊಂಡ ಅವನ ಹಣೆಯ ಮೇಲೆ ಕುಷ್ಠ ಕಾಣಿಸಿತು. ಅವನು ಆಗ ಕೈಯಲ್ಲಿ ಹಿಡಿದಿದ್ದದ್ದು ಆ ಧೂಪಾರತಿಯನ್ನೇ. ಉಪದೇಶಿಗಳು ಹೇಳಿದ ಪ್ರಶ್ನೆ ಇವನಿಗೂ ಸರಿಯಾಗಿ ಹೊಂದುತ್ತದೆ.

ಶಾಲಾ ಶಿಕ್ಷಕಿ, ಶಿವಮೊಗ್ಗ

ಈ ಚರ್ಚೆಯಲ್ಲಿ ಇನ್ನೂ ಯಾರೂ ಎತ್ತದ, ಆದರೆ ನಮ್ಮ ನಾಡಿನಲ್ಲಿ ಎತ್ತಲೇಬೇಕಾದ ವಿಷಯವನ್ನು ಹೇಳುತ್ತೇನೆ. ಯೋಷೀಯನ ಪಾಠ ಕೇಳಿ ಬಂದ ನಾಲ್ಕನೆಯ ತರಗತಿಯ ಹುಡುಗನೊಬ್ಬ ಸೋಮವಾರ ಬೆಳಿಗ್ಗೆ ತನ್ನ ಪಕ್ಕದಲ್ಲಿ ಕೂರುವ ಗೆಳೆಯನಿಗೆ, “ನಿಮ್ಮ ಮನೆಯಲ್ಲಿರುವುದನ್ನೆಲ್ಲ ಯೋಷೀಯ ಒಡೆದುಹಾಕಿದ” ಎಂದು ಹೇಳಿದ. ಆ ಗೆಳೆಯನ ಮನೆಯಲ್ಲಿ ದಿನವೂ ದೇವರ ಮನೆಯಲ್ಲಿ ದೀಪ ಹಚ್ಚುತ್ತಾರೆ. ಅವನು ಅಳಲಿಲ್ಲ, ಆದರೆ ಮಧ್ಯಾಹ್ನ ಡಬ್ಬಿ ತೆರೆದಾಗ ಇವನ ಕಡೆಗೆ ಸರಿಸಲಿಲ್ಲ. ಅಲ್ಲಿಯವರೆಗೆ ಪ್ರತಿದಿನ ಸರಿಸುತ್ತಿದ್ದ.

ನಾನೂ ವಿಶ್ವಾಸಿಯೇ. ಹತ್ತು ಆಜ್ಞೆಗಳನ್ನು ಮೃದು ಮಾಡಿ ಎಂದು ಹೇಳುತ್ತಿಲ್ಲ. ಆದರೆ ಪಾಠ ಹೇಳುವವರು ಒಂದು ವಿಷಯವನ್ನು ಬಾಯಿಬಿಟ್ಟು ಹೇಳಬೇಕು: ಹಿಜ್ಕೀಯನೂ ಯೋಷೀಯನೂ ನೆರೆಯವರ ಮನೆಗೆ ನುಗ್ಗಲಿಲ್ಲ, ಯೆಹೋವನೊಡನೆ ಒಡಂಬಡಿಕೆ ಮಾಡಿಕೊಂಡಿದ್ದ ತಮ್ಮ ಜನರ ಮನೆಯನ್ನು, ಅದರಲ್ಲೂ ತಮ್ಮದೇ ದೇವಾಲಯವನ್ನು ಶುದ್ಧಿಮಾಡಿದರು. ಹಿಜ್ಕೀಯನು ಚೂರುಚೂರು ಮಾಡಿದ್ದು ಯಾವುದನ್ನು? ಮೋಶೆಯೇ ಮಾಡಿಸಿದ್ದ ತಾಮ್ರದ ಸರ್ಪವನ್ನು. ಒಂದು ಕಾಲದಲ್ಲಿ ತಮ್ಮ ಹಿರಿಯರ ಜೀವ ಉಳಿಸಿದ, ತಮ್ಮದೇ ಆದ, ಪವಿತ್ರವೆಂದು ಕಾಪಾಡಿಕೊಂಡು ಬಂದಿದ್ದ ವಸ್ತುವನ್ನು. ಮಕ್ಕಳು ಇದರಿಂದ ಕೇಳಿಕೊಳ್ಳಬೇಕಾದದ್ದು ‘ನನ್ನ ಮನೆಯಲ್ಲಿ ದೇವರ ಜಾಗವನ್ನು ಯಾವುದು ಹಿಡಿದಿದೆ’ ಎಂದೇ ಹೊರತು ಗೆಳೆಯನ ಮನೆಯಲ್ಲಿ ಏನಿದೆ ಎಂದಲ್ಲ.

ಸಭಾಹಿರಿಯ, ಹುಬ್ಬಳ್ಳಿ

ಸೋದರಿ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಆದರೆ ಪೂರ್ತಿ ಕಥೆ ಎಂದು ಹೊರಟ ಮೇಲೆ ಇದನ್ನೂ ಹೇಳಬೇಕು: ಯೋಷೀಯನು ಯೆಹೂದದ ಗಡಿ ದಾಟಿ ಬೇತೇಲಿಗೂ ಸಮಾರ್ಯದ ಊರುಗಳಿಗೂ ಹೋದನು, ಅಲ್ಲಿಯ ಪೂಜಾಸ್ಥಳಗಳ ಯಾಜಕರನ್ನು ಕೊಲ್ಲಿಸಿದನು ಎಂದು 2 ಅರಸುಗಳು 23ರಲ್ಲಿದೆ. ದೊಡ್ಡ ಮಕ್ಕಳು ಅದನ್ನು ಓದಿಯೇ ಓದುತ್ತಾರೆ.

ಶಾಲಾ ಶಿಕ್ಷಕಿ, ಶಿವಮೊಗ್ಗ

ನಿಜ, ಅದನ್ನು ಮರೆಮಾಚಬಾರದು. ಬೇತೇಲು ಕೂಡ ಇಸ್ರಾಯೇಲರದೇ, ಅದೇ ಒಡಂಬಡಿಕೆಯ ನೆಲವೇ ಎಂದು ಹೇಳಬಹುದು. ಆದರೂ ಆ ರಕ್ತದ ಎದುರಿಗೆ ನನಗೆ ಸುಲಭದ ಉತ್ತರವಿಲ್ಲ, ಮಕ್ಕಳಿಗೂ ಸುಲಭದ ಉತ್ತರ ಕೊಡುವುದಿಲ್ಲ. ನಾನು ಅವರಿಗೆ ತೋರಿಸುವುದು ಯೆರೆಮೀಯನ ಮಾತನ್ನು. ಯೋಷೀಯನನ್ನು ಬಲ್ಲ ಆ ಪ್ರವಾದಿಯು ಅವನ ಮಗ ಯೆಹೋಯಾಕೀಮನಿಗೆ, ಕೂಲಿ ಕೊಡದೆ ನೆರೆಯವನನ್ನು ದುಡಿಸಿಕೊಂಡು ಅರಮನೆ ಕಟ್ಟುವವನ ಗತಿಯನ್ನು ಹೇಳುವಾಗ, ತಂದೆಯ ಬಗ್ಗೆ ಏನನ್ನು ನೆನಪಿಸಿದ? ಒಡೆದ ಬಲಿಪೀಠಗಳನ್ನಲ್ಲ. ನಿನ್ನ ತಂದೆ ಬಡವರ, ದಿಕ್ಕಿಲ್ಲದವರ ನ್ಯಾಯವನ್ನು ನೋಡಿಕೊಂಡ, ದೇವರನ್ನು ತಿಳಿಯುವುದೆಂದರೆ ಅದೇ ಅಲ್ಲವೇ ಎಂದು ಕೇಳಿದ. 22ನೆಯ ಅಧ್ಯಾಯ, ಓದಿ ನೋಡಿ.

ನಿವೃತ್ತ ಉಪದೇಶಿ, ಉಡುಪಿ ಜಿಲ್ಲೆ

ಯೆಹೋಯಾಕೀಮನ ಹೆಸರು ಬಂತು, ಸುಮ್ಮನಿರಲಾರೆ. ಯೋಷೀಯನು ಆಳತೊಡಗಿದ ಹದಿನೆಂಟನೆಯ ವರ್ಷದಲ್ಲಿ, ಕ್ರಿ.ಪೂ. 622ರ ಸುಮಾರಿಗೆ, ದೇವಾಲಯದ ದುರಸ್ತಿಯ ಸಮಯದಲ್ಲಿ ಧರ್ಮೋಪದೇಶದ ಗ್ರಂಥ ಸಿಕ್ಕಿತು. ಲೇಖಕನಾದ ಶಾಫಾನನು ಅದನ್ನು ಓದಿದಾಗ ಯೋಷೀಯನು ಬಟ್ಟೆ ಹರಿದುಕೊಂಡ, ಹುಲ್ದ ಎಂಬ ಪ್ರವಾದಿನಿಯ ಬಳಿಗೆ ಜನರನ್ನು ಕಳುಹಿಸಿದ, ಆಮೇಲೆ ಕಿರಿಯರು ಹಿರಿಯರೆನ್ನದೆ ಎಲ್ಲರನ್ನೂ ಕೂಡಿಸಿ ಗ್ರಂಥವನ್ನು ಓದಿಸಿ ಕೇಳಿಸಿದ. ಅದಾಗಿ ಸುಮಾರು ಹದಿನೆಂಟು ವರ್ಷಕ್ಕೆ, ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದ ಅವನ ಮಗ ಯೆಹೋಯಾಕೀಮನ ಮುಂದೆ ಯೆರೆಮೀಯನ ಸುರುಳಿಯನ್ನು ಓದಲಾಯಿತು. ಮೂರು ನಾಲ್ಕು ಅಂಕಣ ಓದಿದಂತೆಲ್ಲಾ ಅವನು ಲೇಖಕನ ಚೂರಿಯಿಂದ ಅದನ್ನು ಸೀಳಿ ಬೆಂಕಿಗೆ ಹಾಕಿದ. ಬಟ್ಟೆ ಹರಿದುಕೊಂಡದ್ದಕ್ಕೂ ಸುರುಳಿಯನ್ನು ಸೀಳಿದ್ದಕ್ಕೂ ಹೀಬ್ರೂ ಮೂಲದಲ್ಲಿ ಒಂದೇ ಕ್ರಿಯಾಪದವಿದೆ. ಬೇಡ, ಸುಡಬೇಡ ಎಂದು ಬೇಡಿಕೊಂಡ ಮೂವರಲ್ಲಿ ಒಬ್ಬನು ಗೆಮರ್ಯ, ಅದೇ ಶಾಫಾನನ ಮಗ.

ಈಗ ವಯಸ್ಸಿನ ಲೆಕ್ಕ. ಯೋಷೀಯನು 31 ವರ್ಷ ಆಳಿದ. ಅವನು ಸತ್ತ ವರ್ಷವೇ ಪಟ್ಟಕ್ಕೆ ಬಂದ ಯೆಹೋಯಾಕೀಮನಿಗೆ ಆಗ 25. ಹಾಗಾದರೆ ತಂದೆ ಬಟ್ಟೆ ಹರಿದುಕೊಂಡ ಆ ವರ್ಷ ಇವನಿಗೆ ಸುಮಾರು ಹನ್ನೆರಡು. ನಿಮ್ಮ ತರಗತಿಯ ದೊಡ್ಡ ಮಕ್ಕಳ ವಯಸ್ಸು. ಓದಿ ಹೇಳಿದ್ದನ್ನು ಅವನೂ ನಿಂತು ಕೇಳಿರಬೇಕು.

ಇತಿಹಾಸ ಅಧ್ಯಾಪಕ, ಧಾರವಾಡ

ಸೇರಿಸಲೇಬೇಕಾದದ್ದು: 1980ರ ದಶಕದಲ್ಲಿ ಯೆರೂಸಲೇಮಿನ ದಾವೀದನ ಪಟ್ಟಣದಲ್ಲಿ ಅಗೆಯುವಾಗ ಸಿಕ್ಕಿದ ಜೇಡಿಮಣ್ಣಿನ ಮುದ್ರೆಗಳಲ್ಲಿ ಒಂದರ ಮೇಲೆ ‘ಶಾಫಾನನ ಮಗ ಗೆಮರ್ಯ’ ಎಂದಿದೆ. ಪಟ್ಟಣವನ್ನು ಬಾಬೆಲಿನವರು ಸುಟ್ಟಾಗ ಅವುಗಳಿಂದ ಮುದ್ರೆ ಹಾಕಿದ್ದ ಪತ್ರಗಳು ಬೂದಿಯಾದವು, ಮಣ್ಣಿನ ಮುದ್ರೆಗಳು ಮಾತ್ರ ಅದೇ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದವು.

ಸಂಡೇ ಸ್ಕೂಲ್ ಶಿಕ್ಷಕಿ, ಮೈಸೂರು

ನಿಮ್ಮೆಲ್ಲರಿಗೂ ಋಣಿ. ಮೂರು ಭಾನುವಾರಗಳು ಕಳೆದವು, ಏನಾಯಿತೆಂದು ತಿಳಿಸುತ್ತೇನೆ.

ಫಲಕವನ್ನು ಎಸೆಯಲಿಲ್ಲ. ಹುಬ್ಬಳ್ಳಿಯ ಹಿರಿಯರು ಹೇಳಿದಂತೆ ತೀರ್ಪು ಬೇಕೇಬೇಕು. ಆದರೆ ಚೀಟಿಗಳನ್ನೆಲ್ಲಾ ತೆಗೆದು, ಹಸಿರಿನ ಅಂಚಿನಿಂದ ಕೆಂಪಿನ ಅಂಚಿಗೆ ಒಂದೊಂದು ದಾರ ಕಟ್ಟಿದೆವು. ಪ್ರತಿ ಅರಸನಿಗೂ ಎರಡು ಬಟ್ಟೆಕ್ಲಿಪ್ಪು, ಒಂದು ಅವನು ಆರಂಭಿಸಿದ ಜಾಗಕ್ಕೆ, ಇನ್ನೊಂದು ಮುಗಿಸಿದ ಜಾಗಕ್ಕೆ. ಕೆಳಗೆ ಖಾಲಿ ಬಿಟ್ಟ ಸಾಲಿನಲ್ಲಿ, ಅವನನ್ನು ತಿದ್ದಲು ಬಂದವರ ಹೆಸರು. ಮಕ್ಕಳು ಹನಾನಿ, ಯೇಹು, ಜೆಕರ್ಯ, ಹುಲ್ದ, ಯೆಶಾಯ, ಯೆರೆಮೀಯ ಎಂದು ಬರೆಯುತ್ತಾ ಹೋದಂತೆ ಆ ಸಾಲು ಮೇಲಿನ ಸಾಲಿಗಿಂತ ಉದ್ದವಾಯಿತು. ಆಹಾಜನ ಎರಡು ಕ್ಲಿಪ್ಪುಗಳೂ ಕೆಂಪಿನಲ್ಲೇ, ಅದರಲ್ಲಿ ಚರ್ಚೆಯೇ ಆಗಲಿಲ್ಲ. ಮನಸ್ಸೆಯ ಎರಡನೆಯ ಕ್ಲಿಪ್ಪನ್ನು ಎಲ್ಲಿ ಹಾಕಬೇಕೆಂದು ಎರಡು ಪುಸ್ತಕಗಳನ್ನೂ ತೆರೆದಿಟ್ಟುಕೊಂಡು ಬಹಳ ಹೊತ್ತು ವಾದಿಸಿದರು. ಕೊನೆಗೆ ಒಬ್ಬ ಹುಡುಗ ಮೂರನೆಯ ಕ್ಲಿಪ್ಪು ಕೇಳಿ ಪಡೆದ.

ಯೆಹೋಯಾಕೀಮನ ದಿನ ಉದ್ದನೆಯ ಕಾಗದದ ಸುರುಳಿಯೊಂದನ್ನು ಬರೆದುಕೊಂಡು ಹೋಗಿದ್ದೆ. ಹನ್ನೆರಡು ವರ್ಷದ ಹುಡುಗನ ಕೈಗೆ ಕತ್ತರಿ ಕೊಟ್ಟು, ನಾನು ಓದುತ್ತಾ ಹೋದಂತೆ ಕತ್ತರಿಸಿ ಬುಟ್ಟಿಗೆ ಹಾಕಲು ಹೇಳಿದೆ. ಎರಡು ತುಂಡು ಕತ್ತರಿಸಿದವನು ಮೂರನೆಯದಕ್ಕೆ ಕತ್ತರಿ ಕೆಳಗಿಟ್ಟ. ಒತ್ತಾಯಿಸಲಿಲ್ಲ. ಯೆರೆಮೀಯನು ತನ್ನ ಬರಹಗಾರ ಬಾರೂಕನ ಕೈಯಿಂದ ಇನ್ನೊಂದು ಸುರುಳಿ ಬರೆಸಿದನು, ಅದರಲ್ಲಿ ಮೊದಲಿನದಕ್ಕಿಂತ ಹೆಚ್ಚು ಮಾತುಗಳಿದ್ದವು ಎಂಬ ವಾಕ್ಯ ಓದಿದಾಗ ಅವನೇ ಎದ್ದು ಹೊಸ ಕಾಗದ ತಂದ.

ಯೋವಾಷನ ಚೀಟಿ ಅಷ್ಟು ದಿನವೂ ಆ ಹುಡುಗಿಯ ಸತ್ಯವೇದದೊಳಗೇ ಇತ್ತು, ಅಂಚುಗಳು ಮುದುಡಿದ್ದವು. ಮೊದಲ ಕ್ಲಿಪ್ಪನ್ನು ಹಸಿರಿನ ತುದಿಯಲ್ಲಿ, ಎರಡನೆಯದನ್ನು ಕೆಂಪಿನ ತುದಿಯಲ್ಲಿ ಅವಳೇ ಹಾಕಿದಳು. ದಾರದ ಮಧ್ಯದಲ್ಲಿ ಯೆಹೋಯಾದನು ತೀರಿಕೊಂಡ ಜಾಗವೆಂದು ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಕೆಳಗಿನ ಸಾಲಿನಲ್ಲಿ ಜೆಕರ್ಯನ ಹೆಸರನ್ನು ಬರೆದು, ಅದರ ಪಕ್ಕದಲ್ಲಿ ‘ಇವರ ಅಪ್ಪನೇ ಇವನನ್ನು ಸಾಕಿದ್ದು’ ಎಂದು ಸೇರಿಸಿದಳು.

ಮುಂದಿನ ವಾರ ಚಿದ್ಕೀಯನ ಪಾಠ. ಕೆಸರಿನ ಬಾವಿಯೊಳಗಿದ್ದ ಯೆರೆಮೀಯನನ್ನು ಮೇಲೆತ್ತುವಾಗ ಹಗ್ಗ ಕಂಕುಳನ್ನು ಕೊರೆಯದಿರಲೆಂದು ಕೂಷ್ ದೇಶದ ಎಬೆದ್ಮೆಲೆಕನು ಹರಕು ಬಟ್ಟೆಗಳನ್ನು ಇಳಿಬಿಟ್ಟದ್ದರಿಂದ ಆರಂಭಿಸುತ್ತೇನೆ. ಕಣ್ಣುಗಳ ಭಾಗವನ್ನು ಬೆಂಗಳೂರಿನ ತಾಯಿಯ ಮಾತಿನಂತೆ ದೊಡ್ಡ ಮಕ್ಕಳಿಗೆ ಮಾತ್ರ ಬೇರೆಯಾಗಿ ಕೂರಿಸಿ ಹೇಳುತ್ತೇನೆ. ಹಳೆಯ ಸೀರೆಯ ತುಂಡುಗಳನ್ನು ತರಲು ಎಲ್ಲರಿಗೂ ಹೇಳಿ ಕಳುಹಿಸಿದ್ದೇನೆ.